ಮಗುವಿನ ಗುಟ್ಟು, ಮನೆಯ ಮರ್ಯಾದೆ

“ಇದು ಬೇರೆ ಯಾರಿಗೆಲ್ಲ ಗೊತ್ತುಂಟು ಟೀಚರ್?”

ಎಂಟನೇ ತರಗತಿಯ ಹುಡುಗನೊಬ್ಬನ ತಾಯಿ ನನ್ನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಮಗನಿಗೆ ಏನಾಗಿದೆ ಎಂದು ಅವರು ಆಮೇಲೆ ಕೇಳಿದರು. ಜುಲೈ ತಿಂಗಳ ಮಳೆ. ಬೀಡಿ ಬ್ರಾಂಚಿಗೆ ಹೋಗಿ ವಾರದ ಬೀಡಿ ಲೆಕ್ಕ ಕೊಟ್ಟು, ಅಲ್ಲಿಂದ ನೇರ ಶಾಲೆಗೆ ಬಂದಿದ್ದರು. ಸೆರಗಿನಲ್ಲಿ ಹೊಗೆಸೊಪ್ಪಿನ ವಾಸನೆ, ಕೈಯಲ್ಲಿ ಎಲೆ ತುಂಬಿದ ಚೀಲ. ಹುಡುಗನಿಗೆ ಪ್ರತಿ ಸೋಮವಾರ ಎರಡನೇ ಪಿರಿಯಡ್ಡಿಗೆ ತಲೆನೋವು ಬರುತ್ತಿತ್ತು. ಕಣ್ಣು ಪರೀಕ್ಷೆ ಆಗಿತ್ತು, ರಕ್ತ ಪರೀಕ್ಷೆ ಆಗಿತ್ತು, ಎರಡರಲ್ಲೂ ಏನೂ ಇರಲಿಲ್ಲ. ನಮ್ಮ ಶಾಲೆಯಲ್ಲಿ ಇಂಥ ಮಾತಿಗೆಂದು ಇದ್ದ ಜಾಗ ಆಟದ ಸಾಮಾನಿನ ಕೋಣೆಯ ಅರ್ಧ ಭಾಗ: ಮೂಲೆಯಲ್ಲಿ ವಾಲಿಬಾಲ್ ನೆಟ್ಟು, ಗೋಡೆಗೆ ಒರಗಿಸಿಟ್ಟ ಭೂಪಟಗಳು, ಎರಡು ಕುರ್ಚಿ. ಒಂದರಲ್ಲಿ ಅವರು ತುದಿಗೆ ಕೂತಿದ್ದರು. “ಎಂಕ್ಲೆ ಬಾಲೆಗ್ ಮರ್ಲ್ ಇಜ್ಜಿ ಟೀಚರ್” ಎಂದರು. ನಮ್ಮ ಮಗುವಿಗೆ ಹುಚ್ಚಿಲ್ಲ. ನಾನು ಹುಚ್ಚಿನ ಮಾತನ್ನೇ ಎತ್ತಿರಲಿಲ್ಲ. ವಾರಕ್ಕೊಂದು ದಿನ ಅರ್ಧ ಗಂಟೆ ಅವನ ಜೊತೆ ಮಾತಾಡಲು ನಿಮ್ಮ ಒಪ್ಪಿಗೆ ಬೇಕು ಎಂದಷ್ಟೇ ಹೇಳಿದ್ದೆ. ಅದಕ್ಕೆ ಬಂದ ಉತ್ತರ: “ಅಣ್ಣಡ ಕೇನೊಡು.” ಅಣ್ಣನಲ್ಲಿ ಕೇಳಬೇಕು.

ಗುರುವಾಯನಕೆರೆಯ ಸುತ್ತಿನ ಶಾಲೆಗಳಲ್ಲಿ ಬಹಳ ವರ್ಷ ಪಾಠ ಮಾಡಿ, ಕೆಲವು ದಿನಗಳ ತರಬೇತಿ ಪಡೆದು, ಪಾಠದ ನಡುವೆಯೇ ಆಪ್ತಸಮಾಲೋಚನೆಯ ಹೊಣೆ ಹೊತ್ತವಳು ನಾನು. ಗುರುತು ಹತ್ತಬಾರದೆಂದು ಈ ಬರಹದಲ್ಲಿ ಬರುವವರ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಶಾಲೆಯಲ್ಲಿ ಕೌನ್ಸೆಲಿಂಗ್ ಎಂದರೆ ಪಾಲಕರು ಹಿಂಜರಿಯುವುದು ಅವರ ತಿಳಿಗೇಡಿತನದಿಂದ ಎಂಬ ಮಾತನ್ನು ಪ್ರತಿ ತರಬೇತಿಯಲ್ಲೂ ಕೇಳಿದ್ದೇನೆ. ಮೊದಮೊದಲು ನಂಬಿಯೂ ಇದ್ದೆ. ಈಗ ನಂಬುವುದಿಲ್ಲ.

ತೊಡಕು ಹೆಸರಿನಿಂದಲೇ ಶುರುವಾಗುತ್ತದೆ. ಕೌನ್ಸೆಲಿಂಗ್ ಎಂದರೆ ನಮ್ಮ ಪಾಲಕರಿಗೆ ಸಿಇಟಿ ಸೀಟು ಹಂಚಿಕೆ. ಶಿಕ್ಷಕರಾದ ನಮಗೆ ಅದು ವರ್ಗಾವಣೆ. ಆಪ್ತಸಮಾಲೋಚನೆ ಎಂಬ ಸರ್ಕಾರಿ ಕನ್ನಡದ ಪದ ಚೆಂದವೇ. ಆದರೆ ಜನ ಅದನ್ನು ಬಹುಮಟ್ಟಿಗೆ ಓದಿರುವುದು ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಮಾಡುವ ಕೋಣೆಯ ಬಾಗಿಲ ಮೇಲೆ. ಆ ಫಲಕದ ಕೆಳಗೆ ಯಾರಾದರೂ ನೋಡಿಯಾರು ಎಂದು ತಲೆತಗ್ಗಿಸಿ ನಿಂತವರಿದ್ದಾರೆ. ಅದೇ ಪದವನ್ನು ಶಾಲೆಯ ಬಾಗಿಲಿಗೆ ತಂದು ಅಂಟಿಸಿದರೆ ಅದರ ಹಿಂದೆ ಆ ಹೆದರಿಕೆಯೂ ಬರುತ್ತದೆ. ಇನ್ನೊಂದು ಅರ್ಥವನ್ನು ನಾವು ಶಿಕ್ಷಕರೇ ಹುಟ್ಟಿಸಿದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿತು. ಕೋಲು ಕಪಾಟು ಸೇರಿತು. ಅಂದಿನಿಂದ ಗಲಾಟೆ ಮಾಡಿದವನನ್ನು, ಮೊಬೈಲು ತಂದವಳನ್ನು, ಹೋಂವರ್ಕ್ ಮಾಡದವನನ್ನು ‘ಕೌನ್ಸೆಲಿಂಗಿಗೆ ಕಳಿಸುತ್ತೇನೆ ನೋಡು’ ಎಂದು ಹೆದರಿಸುವುದು ರೂಢಿಯಾಯಿತು. ಶಾಲೆಯಿಂದ ಫೋನು ಬಂದರೆ ಮನೆಯವರು ‘ಎಂತ ಮಾಡಿದೆ ನೀನು?’ ಎಂದು ಮಗುವನ್ನು ಗದರಿಸುವುದರಲ್ಲಿ ಆಶ್ಚರ್ಯವೇನಿದೆ? ಆ ಫೋನು ಅದಕ್ಕೇ ಬರುತ್ತದೆಂದು ಅವರಿಗೆ ಕಲಿಸಿದವರು ನಾವು.

ಇನ್ನು ಊರಿನ ಮಾತು. ಗುರುವಾಯನಕೆರೆ ಎಂದರೆ ಊರಿಗೆ ಹೆಸರು ಕೊಟ್ಟ ದೊಡ್ಡ ಕೆರೆ ಮತ್ತು ಒಂದು ಕೂಡುರಸ್ತೆ. ಮಂಗಳೂರು, ಬಂಟ್ವಾಳದಿಂದ ಬಂದ ಹೆದ್ದಾರಿ ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುತ್ತದೆ. ಇಲ್ಲಿಂದಲೇ ಇನ್ನೊಂದು ದಾರಿ ವೇಣೂರು, ಮೂಡುಬಿದಿರೆಯ ಕಡೆ ಹೊರಳುತ್ತದೆ. ಈ ದಾರಿಗಳ ಬಸ್ಸಿನಲ್ಲಿ ಬರುವ ಮಕ್ಕಳನ್ನು ಒಂದು ತರಗತಿಯಲ್ಲಿ ಕೂರಿಸಿದರೆ ಆರೇಳು ಮನೆಮಾತು ಸೇರುತ್ತವೆ: ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ, ಮುಂಡಾಜೆ ಕಡೆಯ ಚಿತ್ಪಾವನಿ, ಘಟ್ಟದ ಬುಡದ ರಬ್ಬರ್ ತೋಟಗಳಿಂದ ಬರುವ ಮಲಯಾಳ. ಈಚೆಗೆ ಹಾಸ್ಟೆಲುಗಳಿಂದ ವಿಜಯಪುರ, ಕಲಬುರಗಿಯ ಕನ್ನಡವೂ ಸೇರಿದೆ. ಇವರಿಗೆಲ್ಲ ಮನಸ್ಸಿನ ನೋವಿಗೆ ಸಮನಾಗಿ ಒದಗುವ ಒಂದು ಪದವನ್ನು ಹುಡುಕಿ ನಾನು ಸೋತು, ಕೊನೆಗೆ ಕಂಡುಕೊಂಡದ್ದು ‘ಬೇಜಾರು’. ಕರಾವಳಿಯಲ್ಲಿ ಬೇಜಾರು ಎಂದರೆ ಬೇಸರವೂ ಹೌದು, ದುಃಖವೂ ಹೌದು, ಅವಮಾನವೂ ಹೌದು. ಅದನ್ನು ಬಿಟ್ಟರೆ ಉಳಿದೆಲ್ಲ ಮೈಯ ಭಾಷೆ: ತಲೆನೋವು, ಹೊಟ್ಟೆನೋವು, ಊಟ ಸೇರುವುದಿಲ್ಲ.

ಮಗುವಿಗೆ ಹೀಗೆ ಬೇಜಾರಾದಾಗ ಶಾಲೆಗೆ ಬರುವ ಮುನ್ನ ಈ ಮನೆಗಳವರು ಎಲ್ಲಿಗೆ ಹೋಗುತ್ತಾರೆ? ಸುಮ್ಮನಂತೂ ಕೂರುವುದಿಲ್ಲ. ತುಳುವರ ಮನೆಯಲ್ಲಿ ಮೊದಲು ದೈವದ ನೆನಪಾಗುತ್ತದೆ. ದೈವಕ್ಕೆ ಕೊಡುವ ತಂಬಿಲ ತಪ್ಪಿತೇ, ಹರಕೆ ಬಾಕಿಯಿದೆಯೇ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಜ್ಯೋತಿಷ ಬಲ್ಲವರಲ್ಲಿ ಪ್ರಶ್ನೆ ಇಡುತ್ತಾರೆ. ಕೋಲದ, ಅಂದರೆ ದೈವದ ನೇಮದ, ದಿನ ಮಗುವನ್ನು ದೈವದ ಮುಂದೆ ನಿಲ್ಲಿಸಿ ಮನೆಯ ಯಜಮಾನ ಕಷ್ಟ ಹೇಳಿಕೊಳ್ಳುತ್ತಾನೆ. ದೈವ ಅಭಯದ ನುಡಿ ಕೊಡುತ್ತದೆ. ಬ್ಯಾರಿ ಮನೆಯ ಉಮ್ಮ ಮದ್ರಸದ ಉಸ್ತಾದರಲ್ಲಿ ಹೋಗಿ ಓದಿಸಿದ ನೀರು ತರುತ್ತಾರೆ. ಕೊಂಕಣಿ ಕ್ಯಾಥೊಲಿಕರಿಗೆ ಕುಮ್ಸಾರ್ (ಪಾಪನಿವೇದನೆ) ಇದೆ, ಮನೆಗೆ ಬಂದು ಹೋಗುವ ಸಿಸ್ಟರ್‌ಗಳಿದ್ದಾರೆ.

ಈ ಜಿಲ್ಲೆಯಲ್ಲಿ ಇದನ್ನು ಐವತ್ತು ವರ್ಷಗಳ ಹಿಂದೆಯೇ ಅಕ್ಕರೆಯಿಂದ ನೋಡಿ ಬರೆದವರಿದ್ದಾರೆ. ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಆಗ ದಕ್ಷಿಣ ಕನ್ನಡಕ್ಕೇ ಸೇರಿದ್ದ ಕೋಟ ಗ್ರಾಮದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಈ ಮೂರು ಸಮುದಾಯಗಳ ಮನೆಗಳನ್ನು ಅಭ್ಯಾಸ ಮಾಡಿ, 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ತಂದರು. ಮನಸ್ಸಿನ ಕಷ್ಟಕ್ಕೆ ಊರವರು ವೈದ್ಯರಲ್ಲಿಗೂ ಮಂತ್ರವಾದಿಗಳಲ್ಲಿಗೂ ದೈವ ಮೈದುಂಬುವ ಪಾತ್ರಿಗಳಲ್ಲಿಗೂ ಹೋಗುತ್ತಿದ್ದುದನ್ನು ಅವರು ಗುರುತಿಸಿದರು. ಒಂದನ್ನು ಹಿಡಿದವರು ಇನ್ನೊಂದನ್ನು ಬಿಡಬೇಕೆಂಬ ನಿಯಮ ಊರವರಿಗೆ ಇರಲಿಲ್ಲ. ಅದು ಇಂದಿಗೂ ಇಲ್ಲ. ಪ್ರಶ್ನೆ ಇಟ್ಟು ಬಂದ ಮರುದಿನ ಮಂಗಳೂರಿನ ಆಸ್ಪತ್ರೆಯ ಟೋಕನ್ ಹಿಡಿದು ಕೂತವರನ್ನು ನಾನು ನೋಡಿದ್ದೇನೆ. ಹಾಗಾದರೆ ಎರಡು ಬಾಗಿಲಿಗೂ ಸಲೀಸಾಗಿ ಹೋಗುವ ಇದೇ ಜನ ಶಾಲೆಯ ಈ ಮೂರನೇ ಬಾಗಿಲಿನ ಮುಂದೆ ಮಾತ್ರ ಯಾಕೆ ತಡೆಯುತ್ತಾರೆ?

ನನಗೆ ತೋರುವ ಕಾರಣ ಇದು. ದೈವದ ಮುಂದೆ ಮಗುವಿನ ಜೊತೆ ಇಡೀ ಮನೆ ನಿಲ್ಲುತ್ತದೆ. ಕಷ್ಟ ಬಂದದ್ದು ಕುಟುಂಬಕ್ಕೆ. ಅದಕ್ಕೆ ಕಾರಣ ಹೊರಗಿನದು: ತಪ್ಪಿದ ಹರಕೆ, ದೃಷ್ಟಿ, ಗ್ರಹಗತಿ. ಅಲ್ಲಿ ಮಗುವಿನ ಮೇಲೆ ತಪ್ಪು ಹೊರಿಸುವವರಿಲ್ಲ, ತಾಯಿ ಸರಿಯಾಗಿ ಸಾಕಲಿಲ್ಲ ಎನ್ನುವವರೂ ಇಲ್ಲ. ಪರಿಹಾರವನ್ನೂ ಎಲ್ಲರೂ ಸೇರಿ ಮಾಡುತ್ತಾರೆ, ಕೊನೆಗೆ ಒಟ್ಟಿಗೆ ಊಟವೂ ಆಗುತ್ತದೆ. ಶಾಲೆಯ ನಾವು ಮಾಡುವುದೇನು? ಮನೆಯವರನ್ನು ಹೊರಗೆ ನಿಲ್ಲಿಸಿ ಮಗುವೊಂದನ್ನೇ ಕೋಣೆಯೊಳಗೆ ಕರೆದು ಬಾಗಿಲು ಹಾಕುತ್ತೇವೆ. ಕಷ್ಟ ಮಗುವಿನ ಒಳಗಿದೆ ಎನ್ನುತ್ತೇವೆ. ಸ್ವಲ್ಪ ಹೊತ್ತಿಗೆ ‘ಮನೆಯಲ್ಲಿ ಜಗಳ ಉಂಟಾ? ಅಪ್ಪ ಕುಡಿಯುತ್ತಾರಾ?’ ಎಂದು ಕೇಳುತ್ತೇವೆ. ತಾಯಿಯ ಕಿವಿಗೆ ಅದು ಚಿಕಿತ್ಸೆಯಂತೆ ಕೇಳಿಸುವುದಿಲ್ಲ, ಪೊಲೀಸ್ ಠಾಣೆಯ ವಿಚಾರಣೆಯಂತೆ ಕೇಳಿಸುತ್ತದೆ. ಮನೆಯ ಮರ್ಯಾದೆ ಎಂಬುದು ಬಡವರಿಗೆ ಇರುವ ಒಂದೇ ಆಸ್ತಿ ಎಂದಾಗ ‘ಇದು ಬೇರೆ ಯಾರಿಗೆಲ್ಲ ಗೊತ್ತುಂಟು’ ಎಂಬ ಪ್ರಶ್ನೆಯ ತೂಕ ತಿಳಿಯುತ್ತದೆ.

ಮನೆಯವರು ಎಂದರೆ ಯಾರು ಎಂಬುದರಲ್ಲಿಯೂ ನಮ್ಮ ಅರ್ಜಿ ನಮೂನೆಗಳು ಎಡವುತ್ತವೆ. ‘ತಂದೆ ಅಥವಾ ಪೋಷಕರ ಸಹಿ’ ಎಂದು ಅಚ್ಚಾಗಿರುತ್ತದೆ. ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮೊದಲಾದ ಮನೆಗಳು ತಲೆತಲಾಂತರದಿಂದ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದವು. ಆಸ್ತಿಯ ಕಾನೂನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಬದಲಾಯಿತು. ಮನೆಯೊಳಗಿನ ಮಾತಿನ ತೂಕ ಅಷ್ಟು ಬೇಗ ಬದಲಾಗಲಿಲ್ಲ. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ತಂದೆಗೆ ಮಗನ ತಲೆನೋವಿನ ಸುದ್ದಿ ಮುಟ್ಟುವ ಮೊದಲು ತಾಯಿಯ ಅಣ್ಣನಿಗೆ, ತುಳುವಿನಲ್ಲಿ ಹೇಳುವ ತಮ್ಮಲೆಗೆ, ಮುಟ್ಟಿರುತ್ತದೆ. ತಾಯಿ ‘ಅಣ್ಣನಲ್ಲಿ ಕೇಳಬೇಕು’ ಎಂದದ್ದನ್ನು ನಾನು ಆ ದಿನ ತಪ್ಪಿಸಿಕೊಳ್ಳುವ ನೆಪ ಎಂದುಕೊಂಡಿದ್ದೆ. ಅದು ನೆಪವಾಗಿರಲಿಲ್ಲ. ಯಾರಲ್ಲಿ ಮಾತಾಡಬೇಕೆಂದು ಆಕೆ ನನಗೆ ದಾರಿ ತೋರಿಸಿದ್ದರು. ಹಾಗೆಯೇ ತಂದೆ ಸೌದಿಯಲ್ಲೋ ದುಬೈಯಲ್ಲೋ ಇರುವ ಬ್ಯಾರಿ ಮನೆಗಳಲ್ಲಿ ಉಮ್ಮ ಒಬ್ಬಳೇ ಒಪ್ಪಿಗೆ ಕೊಡುವುದು ಕಷ್ಟ. ಮಗ ಎಲ್ಲ ಚೆನ್ನಾಗಿದ್ದಾನೆ ಎಂದು ಗಂಡನಿಗೆ ಪ್ರತಿ ವಾರ ಹೇಳುತ್ತ ಬಂದವಳು ಇದೊಂದನ್ನು ಹೇಳಿದರೆ ಅಷ್ಟೂ ದಿನ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಕುದುರೆಮುಖದ ಕಾಡಂಚಿನಿಂದ ಬರುವ ಮಲೆಕುಡಿಯ ಮಕ್ಕಳ ತಂದೆತಾಯಿಯ ಕತೆ ಬೇರೆ. ರಾಷ್ಟ್ರೀಯ ಉದ್ಯಾನ ಬಂದ ಮೇಲೆ ಸರ್ಕಾರದ ಕಾಗದ ಎಂದರೆ ಒಕ್ಕಲೆಬ್ಬಿಸುವ ಮಾತೇ ಇರಬೇಕು ಎಂದು ಹೆದರಿ ಬದುಕಿದವರು ಅವರು. ‘ಇಲ್ಲಿ ಸಹಿ ಹಾಕಿ’ ಎಂದು ನಾನು ಒಪ್ಪಿಗೆ ಪತ್ರ ಚಾಚಿದಾಗ ಒಬ್ಬ ತಂದೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆ ಕಾಗದದ ಗೊಡವೆಯನ್ನು ಅಂದೇ ಬಿಟ್ಟೆ. ಅವರ ಮಗಳು ತರಗತಿಯಲ್ಲಿ ಬಾಯಿ ಬಿಡದಿದ್ದುದು ಖಿನ್ನತೆಯಿಂದ ಅಲ್ಲ. ತನ್ನ ಕನ್ನಡವನ್ನು ಕೇಳಿ ಉಳಿದವರು ನಗುತ್ತಾರೆ ಎಂಬ ಭಯದಿಂದ.

ಇದಕ್ಕೆ ತೀರ ಬೇರೆಯಾದ ಇನ್ನೊಂದು ನೋಟವಿದೆ, ಅದು ಕೌನ್ಸೆಲಿಂಗನ್ನು ಎರಡೂ ಕೈಯಿಂದ ಸ್ವಾಗತಿಸುವುದು. ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಇದೇ. ಪಿಯುಸಿ ಫಲಿತಾಂಶದಲ್ಲಿ ನಮ್ಮ ಎರಡು ಕರಾವಳಿ ಜಿಲ್ಲೆಗಳು ವರ್ಷವರ್ಷವೂ ಮೇಲಿರುತ್ತವೆ. 2025ರಲ್ಲಿ ಉಡುಪಿ ಶೇ 93.90, ದಕ್ಷಿಣ ಕನ್ನಡ ಶೇ 93.57. ಈ ಅಂಕಿಗಳ ಸೆಳೆತಕ್ಕೆ ಮೂಡುಬಿದಿರೆ, ಉಜಿರೆ, ಗುರುವಾಯನಕೆರೆಯ ಹಾಸ್ಟೆಲುಗಳಿಗೆ ರಾಜ್ಯದ ಆ ತುದಿಯಿಂದ ಮಕ್ಕಳು ಬರುತ್ತಾರೆ. ಜೂನ್ ತಿಂಗಳ ಒಂದು ಬೆಳಗ್ಗೆ ಇಲ್ಲಿನ ಹೋಟೆಲೊಂದರಲ್ಲಿ ನನ್ನ ಎದುರು ಕೂತ ತಂದೆ ಕಲಬುರಗಿ ಕಡೆಯ ತೊಗರಿ ರೈತ. ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದರು. ಕಾಲಬಳಿ ಹೊಸ ಟ್ರಂಕು, ಪಕ್ಕದಲ್ಲಿ ಇಡ್ಲಿಯನ್ನು ಚೂರು ಮಾಡುತ್ತ ತಿನ್ನದೆ ಕೂತ ಮಗ. ನಾನು ಟೀಚರ್ ಎಂದು ತಿಳಿದು ಮಾತಿಗಿಳಿದರು. ಎರಡು ಎಕರೆ ಅಡವಿಟ್ಟದ್ದನ್ನು ಹುಡುಗನ ಎದುರಿಗೇ ಹೇಳಿದರು. ಕೌನ್ಸೆಲಿಂಗ್ ಎಂದಾಗ ಮುಖ ಅರಳಿತು: “ಅದು ಛಲೋ ಬಿಡ್ರಿ ಮೇಡಂ. ಓದಾಕ ಮನಸ್ಸು ಹಚ್ಚತಾರ.” ಓದಲು ಮನಸ್ಸು ಹಚ್ಚುವುದು! ಆ ತಂದೆಯ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಹುಡುಗ ಮೂರು ತಿಂಗಳ ನಂತರ ‘ನನಗೆ ಡಾಕ್ಟರ್ ಆಗುವುದು ಬೇಡ’ ಎಂದು ಯಾರಾದರೂ ಮೇಷ್ಟರ ಮುಂದೆ ಅತ್ತರೆ, ಆ ಅಳುವನ್ನು ಕೇಳಿಸಿಕೊಳ್ಳುವವರು ಬೇಕೋ, ಒರೆಸಿ ಮತ್ತೆ ಬೆಂಚಿಗೆ ಕೂರಿಸುವವರು ಬೇಕೋ? ವರ್ಷಕ್ಕೊಮ್ಮೆ ವೇದಿಕೆಯ ಮೇಲಿಂದ ನೂರಾರು ಮಕ್ಕಳಿಗೆ ‘ನಿಮ್ಮಿಂದ ಸಾಧ್ಯ’ ಎಂದು ಕೂಗಿ ಹೇಳಿ ಹೋಗುವ ಭಾಷಣಕ್ಕೂ ಈಗ ಕೌನ್ಸೆಲಿಂಗ್ ಎನ್ನುವುದುಂಟು. ಆ ಸಭೆಯಲ್ಲಿ ಒಬ್ಬ ಹುಡುಗನಿಗೂ ‘ನನ್ನಿಂದ ಸಾಧ್ಯವಿಲ್ಲ’ ಎಂದು ಹೇಳಲು ಜಾಗವಿರುವುದಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಮರುವರ್ಷ ವಿಶಾಖಪಟ್ಟಣದಲ್ಲಿ ನೀಟ್ ತಯಾರಿಯಲ್ಲಿದ್ದ ಒಬ್ಬ ಹುಡುಗಿ ಸತ್ತ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 2025ರ ಜುಲೈ 25ರಂದು ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ, ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಾದ ಒಬ್ಬ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಲೇಬೇಕು, ಅಂಕ ನೋಡಿ ಬ್ಯಾಚು ಒಡೆಯಬಾರದು, ಎಲ್ಲರೆದುರು ಅವಮಾನ ಮಾಡಬಾರದು, ಪಾಲಕರಿಗೂ ತಿಳಿವಳಿಕೆ ಕೊಡಬೇಕು ಎಂದು ನಿರ್ದೇಶನ ಕೊಟ್ಟಿತು. ಒಳ್ಳೆಯದಾಯಿತು. ಆದರೆ ನೇಮಕವಾದವರು ಯಾರ ಪರ ಎಂಬ ಪ್ರಶ್ನೆ ನೇಮಕದಿಂದ ಇತ್ಯರ್ಥವಾಗುವುದಿಲ್ಲ. ಸಂಬಳ ಸಂಸ್ಥೆ ಕೊಡುತ್ತದೆ, ಶುಲ್ಕ ಪಾಲಕರು ಕೊಡುತ್ತಾರೆ. ಆ ಕೋಣೆಯಲ್ಲಿ ಏನನ್ನೂ ಕೊಡದೆ ಕೂತಿರುವುದು ಮಗು ಒಂದೇ.

ನಾನು ಪಾಲಕರ ಪರವಾಗಿ ಇಷ್ಟು ವಾದಿಸಿದ್ದೇನೆ. ಈಗ ಅವರಿಗೆ ಇಷ್ಟವಾಗದ ಮಾತನ್ನು ಹೇಳಬೇಕು. ದೈವದ ಮುಂದೆ ಮಗುವಿನ ಸುತ್ತ ಮನೆಯೇ ನಿಂತಿರುತ್ತದೆ ನಿಜ, ಆದರೆ ಆ ಇಡೀ ಮಾತುಕತೆಯಲ್ಲಿ ಮಗುವಿನ ಬಾಯಿಗೆ ಮಾತ್ರ ಕೆಲಸವಿಲ್ಲ. ಅದರ ಪರವಾಗಿ ಯಜಮಾನ ಹೇಳುತ್ತಾನೆ. ಉಸ್ತಾದರಲ್ಲಿ ಉಮ್ಮ ಹೇಳುತ್ತಾಳೆ. ಜ್ಯೋತಿಷಿಯಲ್ಲಿ ಜಾತಕವೇ ಹೇಳುತ್ತದೆ. ನಮ್ಮ ಹಳೆಯ ದಾರಿಗಳೆಲ್ಲ ಕುಟುಂಬದ ನೋವಿಗೆ ಕಿವಿಗೊಡಲು ಆದವು. ಕುಟುಂಬದಿಂದಲೇ ಆದ ನೋವನ್ನು ಮಗು ಎಲ್ಲಿ ಹೇಳಬೇಕು? ಮನೆಗೆ ಬಂದು ಹೋಗುವ ನೆಂಟನ ಕೈ ಎಲ್ಲೆಲ್ಲಿಗೋ ಹೋಗುತ್ತದೆ ಎಂಬುದನ್ನು ಹುಡುಗಿ ಕೋಲದ ಅಂಗಳದಲ್ಲಿ ಹೇಳಿಯಾಳೇ? ಗುಟ್ಟನ್ನು ಕಾಪಾಡುವ ಕಟ್ಟಳೆ ಕುಮ್ಸಾರ್‌ನಲ್ಲಿ ಇದೆ. ಅಲ್ಲಿ ಹೇಳುವುದು ತಾನು ಮಾಡಿದ ಪಾಪವನ್ನು; ತನ್ನ ಮೇಲೆ ಇನ್ನೊಬ್ಬರು ಮಾಡಿದ್ದನ್ನೂ ತನ್ನ ಪಾಪವೆಂದೇ ತಿಳಿದ ಮಗುವಿಗೆ ಆ ಜಾಗ ಸಾಲದು.

ಮಗುವಿನ ಗುಟ್ಟು ಮಗುವಿನದೇ ಎಂಬುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಒಂದು ಮಗುವಿಗೆ ಅನ್ಯಾಯ ಮಾಡಿ ಕಲಿತದ್ದು. ಒಂಬತ್ತನೇ ತರಗತಿಯ ಹುಡುಗಿ. ಪಕ್ಕದೂರಿನ ಹುಡುಗನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಮಾತು ಬಿಟ್ಟು ಬೇರೇನೂ ಇರಲಿಲ್ಲ. ಹುಡುಗ ಬೇರೆ ಮತದವನು. ನನ್ನನ್ನು ನಂಬಿ ಹೇಳಿದಳು. ತಂದೆ ಸಮಾಧಾನದ ಮನುಷ್ಯ, ನನಗೆ ಪರಿಚಯದವರು. ಮೆಲ್ಲಗೆ ತಿಳಿಹೇಳುತ್ತಾರೆ ಎಂದುಕೊಂಡು ಅವರ ಕಿವಿಗೆ ಹಾಕಿದೆ. ಅವರು ಮೆಲ್ಲಗೆಯೇ ತಮ್ಮನಿಗೆ ಹೇಳಿದರು. ತಮ್ಮ ಯಾರಿಗೆ ಹೇಳಿದನೋ, ಎರಡೇ ದಿನದಲ್ಲಿ ಮಾತು ಬಸ್‌ಸ್ಟ್ಯಾಂಡಿಗೆ ಬಂದಿತ್ತು. ಹುಡುಗ ಕೆಲಸ ಮಾಡುತ್ತಿದ್ದ ಅಂಗಡಿಯ ಮುಂದೆ ಬೈಕುಗಳು ನಿಂತವು. ಹುಡುಗಿ ಸೋಮವಾರ ಶಾಲೆಗೆ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ವಾರದ ಕೊನೆಗೆ ಚಿಕ್ಕಪ್ಪ ಬಂದು ಟಿ.ಸಿ. ಬರೆಸಿಕೊಂಡು ಹೋದ. ಅವಳು ಡೆಸ್ಕಿನೊಳಗೆ ಬಿಟ್ಟುಹೋದ ಜಾಮಿಟ್ರಿ ಬಾಕ್ಸು ಬಹಳ ದಿನ ನನ್ನ ಮೇಜಿನ ಮೇಲೆ ಇತ್ತು. ಅನೈತಿಕ ಪೊಲೀಸ್‌ಗಿರಿ ಎಂಬ ಪದವನ್ನು ದಿನಪತ್ರಿಕೆಗಳಿಗೆ ರೂಢಿ ಮಾಡಿಸಿದ ಜಿಲ್ಲೆ ನಮ್ಮದು. ಇಲ್ಲಿ ಒಂದು ಹುಡುಗಿಯ ಗುಟ್ಟು ಬಾಗಿಲು ದಾಟಿದರೆ ಅದು ಮನೆಯಲ್ಲಿ ನಿಲ್ಲುವುದಿಲ್ಲ, ರಸ್ತೆಗೆ ಬರುತ್ತದೆ.

ಹಾಗಾದರೆ ಹೆತ್ತವರನ್ನು ಕತ್ತಲಲ್ಲಿ ಇಡಬೇಕೆ ಎಂದು ಪಾಲಕರ ಸಭೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗುಟ್ಟಿಗೆ ಗಡಿ ಇದೆ. ಮಗು ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸೂಚನೆ ಕಂಡರೆ ಆ ಕ್ಷಣವೇ ಮನೆಯವರಿಗೆ ತಿಳಿಸಬೇಕು. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದವರಿಗೆ 21ನೇ ಕಲಮಿನಲ್ಲಿ ಶಿಕ್ಷೆ ಇದೆ. ಈ ಎರಡನ್ನು ಮಗುವಿಗೂ ಪಾಲಕರಿಗೂ ಮೊದಲ ದಿನವೇ ಹೇಳಿಬಿಡಬೇಕು. ಉಳಿದಂತೆ ಏನು, ಯಾವಾಗ, ಯಾರಲ್ಲಿ ಹೇಳಬೇಕೆಂಬುದು ಮಗುವಿನ ತೀರ್ಮಾನ. ಹೇಳಲು ಧೈರ್ಯ ತುಂಬುವುದು, ಬೇಕಾದರೆ ಹೇಳುವಾಗ ಪಕ್ಕದಲ್ಲಿ ಕೂರುವುದು ನಮ್ಮ ಕೆಲಸ. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಮಾತಿಗೆ ಬೆಲೆ ಇದೆ ಎನ್ನುತ್ತದೆ. ಹಾಗೆಯೇ ಹಳೆಯ ದಾರಿಗಳ ಬಗ್ಗೆಯೂ ನನ್ನ ಗೌರವಕ್ಕೆ ಗಡಿಯಿದೆ. ಅಪಸ್ಮಾರಕ್ಕೆ ಮಾತ್ರೆ ನಿಲ್ಲಿಸಿ ಪ್ರಶ್ನೆಯನ್ನಷ್ಟೇ ನಂಬಿದ ಮನೆಯನ್ನು ನೋಡಿದ್ದೇನೆ. ಆ ಮಗು ಕಳೆದುಕೊಂಡ ಒಂದು ವರ್ಷ ಮತ್ತೆ ಬರಲಿಲ್ಲ. ನೇಮವೂ ಆಗಲಿ, ಮಾತ್ರೆಯೂ ತಪ್ಪದಿರಲಿ ಎಂದು ನಾನು ಎಲ್ಲ ಮನೆಗಳಲ್ಲೂ ಹೇಳುತ್ತೇನೆ. ಹೀಗೆಂದರೆ ಬಹುಪಾಲು ಜನ ಒಪ್ಪುತ್ತಾರೆ. ನೇಮ ಬಿಡಿ ಎಂದರೆ ಮಾತ್ರೆಯನ್ನೂ ಬಿಡುತ್ತಾರೆ.

ಈ ಊರಿನವರು ಮನಸ್ಸಿನ ವಿಷಯಕ್ಕೆ ಬಾಗಿಲು ತೆರೆಯುವುದಿಲ್ಲ ಎನ್ನುವವರಿಗೆ ಮದ್ಯವರ್ಜನ ಶಿಬಿರಗಳನ್ನು ನೆನಪಿಸುತ್ತೇನೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಶುರುವಾದದ್ದು ಇದೇ ಬೆಳ್ತಂಗಡಿ ತಾಲೂಕಿನಲ್ಲಿ. ಆ ಬಳಗದ ಜನಜಾಗೃತಿ ವೇದಿಕೆ ಊರೂರಿನಲ್ಲಿ ಶಿಬಿರ ನಡೆಸುತ್ತ ಬಂದಿದೆ. ಕುಡಿತ ಎಂದರೆ ಮನೆಯ ಮರ್ಯಾದೆಯ ಮಾತಲ್ಲವೇ? ಆದರೂ ಗಂಡಸರು ಊರವರ ಕಣ್ಣೆದುರೇ ಹೋಗಿ ಶಿಬಿರದಲ್ಲಿ ಕೂರುತ್ತಾರೆ, ಹೆಂಡತಿ ಮಕ್ಕಳೂ ಬರುತ್ತಾರೆ, ಮುಗಿದ ಮೇಲೆ ನವಜೀವನ ಸಮಿತಿ ಎಂದು ಕೂಡುತ್ತಾರೆ. ಒಬ್ಬನನ್ನೇ ಎತ್ತಿ ತೋರಿಸದೆ ಹತ್ತಾರು ಮಂದಿಯ ಜೊತೆ ಕೂರಿಸಿದ್ದರಿಂದ, ಮನೆಯವರಿಗೂ ಅಲ್ಲೊಂದು ಕೆಲಸ ಕೊಟ್ಟದ್ದರಿಂದ ಅದು ಜನರಿಗೆ ಒಗ್ಗಿತು. ಶಾಲೆಗೆ ಇದರಲ್ಲಿ ಪಾಠವಿದೆ. ತೊಂದರೆ ಇರುವ ಮಗುವಿನ ಪಾಲಕರನ್ನು ಮಾತ್ರ ಕರೆದರೆ ಆ ಕರೆ ಕಳಂಕವಾಗುತ್ತದೆ. ಎಂಟನೇ ತರಗತಿಗೆ ಸೇರಿದ ಪ್ರತಿ ಮಗುವಿನ ಮನೆಯವರನ್ನೂ ವರ್ಷದ ಆರಂಭದಲ್ಲೇ, ಏನೂ ತೊಂದರೆ ಇಲ್ಲದಾಗಲೇ, ಒಮ್ಮೆ ಕೂರಿಸಿ ಮಾತಾಡಿದರೆ ಎರಡನೇ ಕರೆಗೆ ಯಾರೂ ಬೆಚ್ಚುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿನ ಹೈಸ್ಕೂಲಿನಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು ಎಂಬುದಕ್ಕೂ ಕಾಲೇಜಿನ ಅರ್ಜಿಗೂ ಕೌನ್ಸೆಲರ್ ಬಳಿಗೇ ಹೋಗಬೇಕು. ಅಮೆರಿಕದಲ್ಲಿ ಈ ಕೆಲಸ ಹುಟ್ಟಿದ್ದೇ 1908ರಲ್ಲಿ ಬಾಸ್ಟನ್ನಿನಲ್ಲಿ ಫ್ರಾಂಕ್ ಪಾರ್ಸನ್ಸ್ ತೆರೆದ ಉದ್ಯೋಗ ಮಾರ್ಗದರ್ಶನದ ಕಚೇರಿಯಿಂದ. ಹಾಗಾಗಿ ಆ ಬಾಗಿಲಲ್ಲಿ ನಿಂತ ಮಗುವನ್ನು ನೋಡಿ ಯಾರೂ ಏನೂ ಊಹಿಸುವುದಿಲ್ಲ. ಅವಳಿಗಿರುವ ಭಯ ಬೇರೆ: ಮಗ ಮನೆಯಲ್ಲಿ ಒಂದು ಏಟು ತಿಂದದ್ದನ್ನು ಹೇಳಿಬಿಟ್ಟರೆ ಮಕ್ಕಳ ರಕ್ಷಣೆಯ ಇಲಾಖೆ ಮನೆಗೆ ಬಂದೀತು ಎಂದು. ಸಮುದ್ರ ದಾಟಿದರೂ ‘ಯಾರಿಗೆಲ್ಲ ಗೊತ್ತುಂಟು’ ಎಂಬ ಪ್ರಶ್ನೆ ಜೊತೆಗೇ ಹೋಗಿದೆ.

ದೊಡ್ಡ ಪದವಿ ಪಡೆದವರು ಬರುವ ತನಕ ಶಾಲೆ ಕಾಯಬೇಕಾಗಿಲ್ಲ. ನಿಮ್ಹಾನ್ಸ್‌ನಲ್ಲಿ ದಶಕಗಳ ಕಾಲ ಮಕ್ಕಳ ಮನಸ್ಸಿನ ಕೆಲಸ ಮಾಡಿದ ಮಾಳವಿಕಾ ಕಪೂರ್ ಭಾರತದ ಶಾಲೆಗಳ ಮಾನಸಿಕ ಆರೋಗ್ಯದ ಬಗ್ಗೆ 1997ರಲ್ಲಿ ಬರೆದ ಪುಸ್ತಕದಲ್ಲೂ ಶಿಕ್ಷಕರನ್ನೇ ಸಜ್ಜುಗೊಳಿಸುವ ದಾರಿಗೆ ಮಹತ್ವ ಕೊಟ್ಟಿದ್ದಾರೆ. ಶಿಕ್ಷಕರ ಕೈ ಮೀರಿದ್ದಕ್ಕೆ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್‌ನ 14416 ಸಹಾಯವಾಣಿ ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು. ಇವನ್ನು ಶಾಲೆಯ ಗೋಡೆಯಲ್ಲಿ ಬರೆಸಿದರಷ್ಟೇ ಸಾಲದು. ತುಳುವಿನಲ್ಲಿ, ಬ್ಯಾರಿಯಲ್ಲಿ ಮಾತಾಡಬಲ್ಲ ಒಬ್ಬರು ಆ ಮನೆಯ ಜಗಲಿಯಲ್ಲಿ ಕೂತು, ಕೊಟ್ಟ ಬೆಲ್ಲ ನೀರು ಕುಡಿದು ಹೇಳಬೇಕು. ಜಮಾತಿನ ಹಿರಿಯರನ್ನೂ ಚರ್ಚಿನ ಫಾದರನ್ನೂ ಗುತ್ತಿನ ಯಜಮಾನರನ್ನೂ ನಮ್ಮ ಎದುರಾಳಿಗಳೆಂದು ತಿಳಿಯದೆ ಶಾಲೆಗೆ ಕರೆಯಬೇಕು. ಅವರಿಗೆ ಮಗುವಿನ ಗುಟ್ಟನ್ನು ಕೊಡಬೇಕೆಂದಲ್ಲ, ಗುಟ್ಟು ಯಾಕೆ ಬೇಕು ಎಂಬುದನ್ನು ಅವರ ಬಾಯಿಂದಲೇ ಊರಿಗೆ ಹೇಳಿಸಲು.

ಆ ಬೀಡಿ ಕಟ್ಟುವ ತಾಯಿಯ ಅಣ್ಣನನ್ನು ಹುಡುಕಿಕೊಂಡು ನಾನೇ ಹೋದೆ. ಅಡಿಕೆ ಸುಲಿಯುತ್ತಿದ್ದರು. ನಾನು ಹೇಳಿದ್ದನ್ನು ಕೇಳಿಸಿಕೊಂಡು, ಕೈಯಲ್ಲಿದ್ದ ಅಡಿಕೆ ಸುಲಿದು ಬುಟ್ಟಿಗೆ ಹಾಕಿ, “ಅವ ಹೇಳಿದ್ದನ್ನು ನನಗೆ ಹೇಳ್ತೀರಾ?” ಎಂದು ಕೇಳಿದರು. ಇಲ್ಲ ಎಂದೆ. ಜೀವಕ್ಕೆ ಅಪಾಯ ಕಂಡರೆ ಹೇಳುತ್ತೇನೆ, ಇಲ್ಲವಾದರೆ ಅವನೇ ಹೇಳುವ ತನಕ ಇಲ್ಲ. ಇನ್ನೂ ನಾಲ್ಕು ಅಡಿಕೆ ಸುಲಿದರು. “ತಂಗಿಗೂ ಹೇಳುದಿಲ್ವಾ?” ಇಲ್ಲ. “ಹಾಗಾದ್ರೆ ಆಗ್ಬಹುದು” ಎಂದರು. ಮುಂದಿನ ಗುರುವಾರದಿಂದ ಅವರೇ ಕರೆದುಕೊಂಡು ಬಂದರು. ಹುಡುಗ ಒಳಗೆ ಬರುತ್ತಿದ್ದ, ಅವರು ಹೊರಗೆ ವರಾಂಡದ ಬೆಂಚಿನಲ್ಲಿ ಕೊಡೆಯನ್ನು ಮಗ್ಗುಲಿಗಿಟ್ಟು ಪೇಪರ್ ಓದುತ್ತಿದ್ದರು. ಹುಡುಗ ಹೇಳಿದ್ದನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಅರ್ಧ ಗಂಟೆ ಕಳೆದು ಬಾಗಿಲು ತೆರೆದಾಗ ಒಂದು ದಿನ ಅವನ ಕಣ್ಣು ಕೆಂಪಾಗಿತ್ತು. ಮಾವ ನೋಡಿದರು. ಏನಾದರೂ ಕೇಳುತ್ತಾರೆಂದು ನಾನು ಕಾದೆ. ಪೇಪರ್ ಮಡಚಿ ಕಂಕುಳಲ್ಲಿಟ್ಟು, ಕೊಡೆ ಬಿಡಿಸಿ ಅಳಿಯನ ತಲೆಯ ಮೇಲೆ ಹಿಡಿದು, “ಬರುವ ವಾರವೂ ಇದೇ ಹೊತ್ತಿಗಾ ಟೀಚರ್?” ಎಂದರು.